ಕರ್ಚೀಫು

ಶನಿವಾರ ಮಧ್ಯಾಹ್ನ ಮೂರಕ್ಕೆ, ವಿಜಯನಗರದ ನರ್ಸಿಂಗ್ ಹೋಮು,
ಮೂರನೇ ಮಹಡಿ. ಲಿಫ್ಟಿಗೇ ಕಾಯಿಲೆ.
ಎಂಟು ಚಾಪೆ, ಚಾಪೆಗಿಬ್ಬರು.
ಹದಿನಾರಾಗಬೇಕಿತ್ತು, ಎಣಿಸಿದರೆ ಹದಿನೈದು.
ಎಣಿಸುವುದು ನನ್ನ ಕಸುಬು, ತಪ್ಪುವುದಿಲ್ಲ:
ಒಂಬತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರು,
ಈಗ ಏಳು ತಿಂಗಳೆಂದು ಡಿಪೋದಲ್ಲಿ ಕೂತು
ಬೇರೆಯವರ ಚಿಲ್ಲರೆ ತಾಳೆ ನೋಡುತ್ತೇನೆ.

ಫಾರಮ್ಮಿನಲ್ಲೊಂದು ಖಾನೆ: ಜೊತೆಗೆ ಬರುವವರು.
ಪೆನ್ನು ಸಿಗ್ನಲ್ಲಿಗೆ ನಿಂತಂತೆ ಅಲ್ಲಿ ನಿಂತು
ಮುಂದಿನ ಖಾನೆಗೆ ಹೋಯಿತು: ರಕ್ತದ ಗುಂಪು.
ಅದು ಗೊತ್ತಿತ್ತು.

"ಹೆರೋದಕ್ಕೂ ಟ್ಯೂಷನ್ನಾ?" ಅಂದಳು ಅವ್ವ ಫೋನಿನಲ್ಲಿ.
ನಕ್ಕಳು. ನಗು ನಿಂತ ಮೇಲೆ
"ಅವನು ಬರ್ತಾನಾ?" ಅಂದಳು.
"ಲೈನು ಸರಿಯಿಲ್ಲ ಅವ್ವಾ" ಅಂದೆ.
ಲೈನು ಸರಿಯಾಗೇ ಇತ್ತು.

ಮೊದಲ ವಾರ ಚಾಪೆಯ ಆ ಅರ್ಧಕ್ಕೆ
ಕರ್ಚೀಫು ಹಾಸಿದೆ.
ಯಾರೂ ಕೇಳಲಿಲ್ಲ, ನಾನಾಗಿ ಹೇಳಿದೆ ಪಕ್ಕದವಳಿಗೆ:
ಬರ್ತಾರೆ, ಟ್ರಾಫಿಕ್ಕು.
ಎಷ್ಟು ಜಗಳ ಬಿಡಿಸಿಲ್ಲ ನಾನೇ,
ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು
ನಿಧಾನಕ್ಕೆ ಹತ್ತುವವರಿಗೆ:
"ಬಟ್ಟೆ ಹಾಕಿದ್ರೆ ಸೀಟು ನಿಮ್ದಾಗಲ್ಲ ಕಣ್ರೀ,
ಕೂತೋರದ್ದು ಸೀಟು."

ಫ್ಲೇವಿಯಾ ಮಿಸ್ಸು ಹೇಳುತ್ತಾರೆ: ಗಂಡಂದಿರೇ,
ಟೆನಿಸ್ ಬಾಲು ತಗೊಳ್ಳಿ, ಸೊಂಟದ ಹತ್ತಿರ ಒತ್ತಿ,
ಮೆಲ್ಲಗೆ, ಚಪಾತಿ ಹಿಟ್ಟಲ್ಲ ಅದು.
ನಾನು ಬಾಲನ್ನು ಗೋಡೆಗೂ ಬೆನ್ನಿಗೂ ನಡುವೆ ಸಿಕ್ಕಿಸಿ
ಕಂಬಕ್ಕೆ ಎಮ್ಮೆ ಉಜ್ಜಿಕೊಂಡಂತೆ ಉಜ್ಜಿಕೊಂಡೆ.
ಗೋಡೆ ಒಳ್ಳೆಯದು. ಸುಸ್ತಾಯ್ತು ಅನ್ನುವುದಿಲ್ಲ,
ಮಧ್ಯೆ ಫೋನು ನೋಡುವುದಿಲ್ಲ.
ಕುರ್ತಾಗೆ ಒಂದಿಷ್ಟು ಸುಣ್ಣ, ಅಷ್ಟೇ.

ಉಸಿರು ಬಿಡುವುದರಲ್ಲಿ ಮಾತ್ರ ಫಸ್ಟು ನಾನೇ.
"ತುಟಿ ಗುಂಡಗೆ ಮಾಡಿ, ಉದ್ದಕ್ಕೆ ಬಿಡಿ."
ಸೀಟಿ ಊದಿದ ಬಾಯಿಗೆ ಹೇಳಿಕೊಡಬೇಕೆ?
ಎಲ್ಲರದ್ದೂ ಮುಗಿದು ಕೆಮ್ಮುತ್ತಿದ್ದಾಗ
ನನ್ನದಿನ್ನೂ ಹೋಗುತ್ತಿತ್ತು,
ಕಾಮಾಕ್ಷಿಪಾಳ್ಯ ದಾಟಿ ಸುಂಕದಕಟ್ಟೆಯ ತನಕ.
"ಹೇಗಿದೀರಿ?" ಅಂದರು ಮಿಸ್ಸು ಗಾಬರಿಯಾಗಿ.
"ರೈಟ್ ರೈಟ್" ಅಂದೆ.

ನಾಲ್ಕನೇ ವಾರ ಹದಿನಾಲ್ಕೇ ಜನ.
ನಿಲೋಫರಳ ಗಂಡ ಗೊರಗುಂಟೆಪಾಳ್ಯದ ಫ್ಲೈಓವರಿನಲ್ಲಿ
ನಿಜವಾಗಿಯೂ ಸಿಕ್ಕಿಕೊಂಡಿದ್ದ. ಲೊಕೇಶನ್ನು ಕಳಿಸಿದ್ದ:
ನೀಲಿ ಚುಕ್ಕಿ, ಅಲ್ಲಾಡದ್ದು.
ಅದನ್ನೇ ನೋಡುತ್ತ ಅವಳು ಅಳತೊಡಗಿದಳು.
ನನಗೆ ಮೊದಲು ಬಂದದ್ದು ಸಿಟ್ಟು,
ಒಂದು ದಿನಕ್ಕೇ ಇಷ್ಟಾ?
ಆಮೇಲೆ ಎದ್ದೆ. ಏಳುವುದೇ ಈಗ ಮೂರು ಕಂತಿನ ಕೆಲಸ.
ಕರ್ಚೀಫು ಅವಳ ಕೈಗೆ ಕೊಟ್ಟೆ, ಮೂಗು ಒರೆಸಿಕೋ ಅಂತ.
ಬಾಲು ತಗೊಂಡೆ.

ಹಿಂದೆ ಕೂತರೆ ಕೈ ಎಟುಕದು, ನಡುವೆ ನನ್ನ ಹೊಟ್ಟೆ.
ನಾನು ಪಕ್ಕಕ್ಕೆ ಸರಿದರೆ ಅವಳೂ ಅದೇ ಪಕ್ಕಕ್ಕೆ,
ಗಲ್ಲಿಯಲ್ಲಿ ಎರಡು ಬಸ್ಸು ಎದುರಾದ ಹಾಗೆ.
"ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!"
ಕೊನೆಗೆ ಹೊಟ್ಟೆಯನ್ನೇ ಅವಳ ಬೆನ್ನಿಗೆ ಆನಿಸಿ
ಎರಡೂ ಬದಿಯಿಂದ ತೋಳು ಚಾಚಿ ಒತ್ತಿದೆ.
ಒಳಗಿನದು ಒದ್ದದ್ದು ಆಗ. ಜೋರಾಗಿ.
ಬೆಚ್ಚಿ, ತಿರುಗದೆಯೇ, "ಯಾರದು?" ಅಂದಳು.

ಡಿಪೋದಲ್ಲಿ, ವಠಾರದ ನಲ್ಲಿಯ ಹತ್ತಿರ,
ನನ್ನ ಬೆನ್ನ ಹಿಂದೆ ಎರಡು ತಿಂಗಳಿಂದ ಓಡಾಡುತ್ತಿದ್ದ
ಅದೇ ಪ್ರಶ್ನೆ.
"ನಂದು" ಅಂದೆ.
ಅವಳು ನಕ್ಕ ನಗು ಅವಳ ಬೆನ್ನಿನಿಂದ ನನ್ನ ಹೊಟ್ಟೆಗೆ ಬಂತು.

ಕರ್ಚೀಫು ಮುಂದಿನ ವಾರ ಒಗೆದು ತರ್ತೀನಿ ಅಂದಳು.
ಪರವಾಗಿಲ್ಲ, ಇಟ್ಕೋ ಅಂದೆ.

ಸಂಜೆಯ ಬಸ್ಸಿಗೆ ಹೊಸ ಹುಡುಗ ಕಂಡಕ್ಟರು,
ನನ್ನ ಗುರುತಿಲ್ಲ ಅವನಿಗೆ. ಹೊಟ್ಟೆ ನೋಡಿದ,
ಮುಂದಿನ ಸಾಲಿನಲ್ಲಿ ನಿದ್ದೆ ನಟಿಸುತ್ತಿದ್ದವನನ್ನು ಎಬ್ಬಿಸಿದ.
"ಯಾರಾದ್ರೂ ಬರೋರಿದಾರಾ ಮೇಡಂ ಪಕ್ಕಕ್ಕೆ?"
ಇಲ್ಲ ಅಂದೆ.
ಬ್ಯಾಗು ಕಾಲ ಬಳಿ ಇಟ್ಟು
ಕೂತೆ, ಅಗಲವಾಗಿ.